ಮುಂಬೈ ಮ್ಯೂಸಿಯಂ: ಎಲ್ಲ ನೋಡಬೇಡಿ, ಸರಿಯಾಗಿ ನೋಡಿ

ಊರಿಂದ ನೆಂಟರು ಬಂದರೆಂದು ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯಕ್ಕೆ ಹೋಗುತ್ತೀರಿ. ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಸುತ್ತಿದರೆ ಕಾಲು ನೋಯುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಒಂದೂವರೆ ಗಂಟೆ, ಎರಡು ಗ್ಯಾಲರಿ ಸಾಕು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶಾಲಾ ಮಕ್ಕಳ ಬಸ್ಸುಗಳು ಬಂದ ಮೇಲೆ ಶಿಲ್ಪದ ಮುಂದೆ ನಿಲ್ಲಲೂ ಜಾಗ ಸಿಗದು.

ಮೊದಲು ಶಿಲ್ಪ ವಿಭಾಗ. ನಮ್ಮ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯ ಚಪ್ಪಡಿಗಳು ಇಲ್ಲಿವೆ. ಗುಡಿಯಲ್ಲಿ ಕತ್ತೆತ್ತಿ ನೋಡಬೇಕಿದ್ದದ್ದು ಇಲ್ಲಿ ಕಣ್ಣೆದುರೇ ಸಿಗುತ್ತದೆ. ಬ್ರಹ್ಮನ ಚಪ್ಪಡಿಗೆ ಹತ್ತು ನಿಮಿಷ ಕೊಡಿ. ಮೊದಲ ಮೂರು ನಿಮಿಷ ಫಲಕ ಓದಲೇಬೇಡಿ. ಓದಿದರೆ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ. ಎಷ್ಟು ಮುಖ ಕಾಣುತ್ತವೆ, ಸುತ್ತಲಿನ ಋಷಿಗಳ ಕೈ ಹೇಗಿದೆ, ಎಣಿಸಿ. ಆಮೇಲೆ ಒಂದು ಬದಿಗೆ ಸರಿದು ಓರೆಯಾಗಿ ನೋಡಿ: ಉಬ್ಬು ಎಷ್ಟು, ಉಳಿ ಎಲ್ಲಿ ಆಳಕ್ಕಿಳಿದಿದೆ ಎಂಬುದು ನೆರಳಿನಲ್ಲಿ ತಿಳಿಯುತ್ತದೆ.

ಎರಡನೆಯದು ಚಿಕಣಿ ಚಿತ್ರಗಳ, ಅಂದರೆ ಪುಟ್ಟ ಗಾತ್ರದ ವರ್ಣಚಿತ್ರಗಳ ಕೋಣೆ. ಇಲ್ಲಿ ಬೆಳಕು ಮಂದ, ಬಣ್ಣ ಮಾಸಬಾರದೆಂದು. ಒಳಹೊಕ್ಕು ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಫ್ಲ್ಯಾಶ್ ಬೇಡ.

ಮಕ್ಕಳಿಗೆ ಉಪನ್ಯಾಸ ಹೊಡೆಯಬೇಡಿ (ದೊಡ್ಡವರೇ ಕೇಳುವುದಿಲ್ಲ). ಪೆನ್ಸಿಲ್, ಪುಟ್ಟ ವಹಿ ಕೊಟ್ಟು ಒಂದೇ ವಸ್ತುವಿನ ಚಿತ್ರ ಬರೆಸಿ. ಫೋಟೊ ಕೊನೆಗೆ ತೆಗೆಯಿರಿ, ಜೊತೆಗೆ ಫಲಕದ್ದೂ ಒಂದು. ಇಲ್ಲವಾದರೆ ವಾರದ ಬಳಿಕ ಅದು ಯಾವ ಮೂರ್ತಿ ಎಂದೇ ಗೊತ್ತಾಗದು.