ಗೇಮ್ ಆಡುತ್ತಾ ಬೆಂಡ್ ಕಲಿತೆ, ಮುಕ್ಕಾಲು ಪಾಲು

ಗಿಟಾರ್ ಕೈಗೆ ಬಂದು ಮೂರು ವರ್ಷವಾದರೂ ನನ್ನ ಬೆಂಡ್‌ಗಳು, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸೋದು, ಕೇಳುವ ಹಾಗಿರಲಿಲ್ಲ. ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬರುತ್ತಿದ್ದವು, ಐದು ಸ್ವರದ ಪೆಂಟಟೋನಿಕ್ ಸ್ಕೇಲ್ ಮೇಲೆ ಕೆಳಗೆ ಓಡುತ್ತಿತ್ತು, ಆದರೆ ಸೋಲೋ ಮಧ್ಯೆ ತಂತಿ ಎಳೆಯುವ ಜಾಗ ಬಂತೆಂದರೆ ಬೆಕ್ಕಿನ ಬಾಲ ತುಳಿದ ಹಾಗೆ ಒಂದು ಸದ್ದು. ಬೆರಳಲ್ಲಿ ಶಕ್ತಿ ಸಾಲದು ಅಂತ ನಂಬಿದ್ದೆ. ಬಸ್ಸಲ್ಲಿ ಕೂತು ರಬ್ಬರ್ ಚೆಂಡು ಹಿಸುಕುತ್ತಿದ್ದೆ. ಸುಮ್ನೆ ದಂಡ.

ಆಮೇಲೆ ಸಿಕ್ಕಿದ್ದು ರಾಕ್‌ಸ್ಮಿತ್ 2014 ಅನ್ನೋ ವೀಡಿಯೋ ಗೇಮ್. ಗಿಟಾರ್ ಹೀರೋ ಥರ ಪ್ಲಾಸ್ಟಿಕ್ ಗಿಟಾರ್, ಐದು ಬಣ್ಣದ ಬಟನ್ ಅಲ್ಲ. ನಿಮ್ಮದೇ ಎಲೆಕ್ಟ್ರಿಕ್ ಗಿಟಾರಿಗೆ ಒಂದು ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಯುಎಸ್‌ಬಿಗೆ ಹಾಕಿದರೆ ಗೇಮ್ ನೀವು ನುಡಿಸಿದ್ದನ್ನು ಕೇಳಿಸಿಕೊಳ್ಳುತ್ತದೆ. ಪರದೆಯ ಮೇಲೆ ಆರು ತಂತಿಗೆ ಆರು ಬಣ್ಣ. ಬೆಂಡ್ ಬಂದಾಗ ಪರದೆಯ ಮೇಲಿನ ಸ್ವರದ ಗುರುತಿನ ಬಾಲ ಬಾಗುತ್ತದೆ. ಎಷ್ಟು ಎಳೆಯಬೇಕು, ಯಾವಾಗ ಬಿಡಬೇಕು ಅನ್ನೋದು ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಗಿಟಾರ್‌ಕೇಡ್ ಅಂತ ಪುಟ್ಟ ಆಟಗಳ ವಿಭಾಗ ಒಂದಿದೆ. ಅಲ್ಲಿನ ಟೆಂಪಲ್ ಆಫ್ ಬೆಂಡ್ಸ್ ಅನ್ನೋ ಆಟ ಪೂರ್ತಿ ಈ ತಂತಿ ಎಳೆಯುವ ಕೆಲಸಕ್ಕೇ ಮೀಸಲು.

ಮೊದಲ ದಿನ ಸತತ ಸೋಲು. ನಾನು ಎಳೆಯುತ್ತಲೇ ಇದ್ದೇನೆ, ಗೇಮ್ ಒಪ್ಪುತ್ತಲೇ ಇಲ್ಲ. ಗೇಮ್ ಕೆಟ್ಟಿದೆ ಅಂದುಕೊಂಡು ಯಾವ ಸ್ವರ ಬರುತ್ತಿದೆ ಅಂತ ತೋರಿಸುವ ಕ್ಲಿಪ್ ಟ್ಯೂನರ್ ಹಾಕಿ ನೋಡಿದೆ. ಜಿ ತಂತಿಯ (ಸಣ್ಣ ತಂತಿಯಿಂದ ಮೂರನೆಯದು) 7ನೇ ಫ್ರೆಟ್, ಅಂದರೆ ಏಳನೇ ಲೋಹದ ಪಟ್ಟಿ, ಅಲ್ಲಿರೋದು ಡಿ ಸ್ವರ. ಅಲ್ಲಿಂದ ಎರಡು ಫ್ರೆಟ್‌ನಷ್ಟು ಎಳೆದರೆ ಇ ಬರಬೇಕು. ಮುಳ್ಳು ಇವೆರಡರ ನಡುವಿನ ಡಿ ಶಾರ್ಪ್ ದಾಟಿ ಒಂದಿಷ್ಟು ಮುಂದೆ ಹೋಗಿ ನಿಂತೇಬಿಟ್ಟಿತು. ಮುಕ್ಕಾಲು ಬೆಂಡ್! ಮೂರು ವರ್ಷ ಹೀಗೇ ನುಡಿಸಿದ್ದೇನೆ, ಬೆರಳು ನೋಯ್ತು ಅಂದ್ರೆ ಸ್ವರ ಬಂತು ಅಂದುಕೊಂಡು.

ತಪ್ಪು ಶಕ್ತಿಯದ್ದಲ್ಲ, ಹಿಡಿತದ್ದು. ನಾನು ಉಂಗುರದ ಬೆರಳೊಂದರಿಂದಲೇ ತಂತಿಯನ್ನು ತಳ್ಳುತ್ತಿದ್ದೆ, ಹೆಬ್ಬೆರಳು ನೆಕ್‌ನ (ಗಿಟಾರಿನ ಕತ್ತು) ಹಿಂದೆ ಅಡಗಿರುತ್ತಿತ್ತು. ಈಗ ಉಂಗುರದ ಬೆರಳು ಸ್ವರದ ಮೇಲೆ, ಅದರ ಹಿಂದೆ ಮಧ್ಯದ ಬೆರಳು ಮತ್ತು ತೋರುಬೆರಳು ಅದೇ ತಂತಿಯ ಮೇಲೆ, ಮೂರೂ ಸೇರಿ ತಳ್ಳುತ್ತವೆ. ಹೆಬ್ಬೆರಳು ನೆಕ್‌ನ ಮೇಲಂಚಿಗೆ ಕೊಕ್ಕೆ ಹಾಕಿದ ಹಾಗೆ. ಬೆರಳು ಮಡಚುವುದಲ್ಲ, ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಬೇಕು. ಒಂದೇ ವಾರದಲ್ಲಿ ಸ್ಕೋರ್ ಮೇಲೆ ಹೋಯಿತು. ತಂತಿಯನ್ನೂ 10ರಿಂದ 9ರ ಗೇಜಿಗೆ, ಅಂದರೆ ತೆಳು ಸೆಟ್‌ಗೆ, ಇಳಿಸಿದೆ. ದಪ್ಪ ತಂತಿಯೇ ಗಂಡಸ್ತನ ಅನ್ನುವವರು ಅನ್ನಲಿ ಬಿಡಿ. ಇನ್ನೊಂದು, ಎಲ್ಲಾ ತಂತಿಯನ್ನೂ ಮೇಲಕ್ಕೇ ತಳ್ಳಬಾರದು. ದಪ್ಪ ಇ, ಎ ತಂತಿಗಳನ್ನು ನೆಲದ ಕಡೆ ಎಳೆಯಬೇಕು, ಇಲ್ಲಾಂದ್ರೆ ಫ್ರೆಟ್‌ಬೋರ್ಡಿನ ಅಂಚು ದಾಟಿ ಜಾರುತ್ತವೆ.

ಸಣ್ಣಪುಟ್ಟ ಕಾಟಗಳೂ ಇದ್ದವು. ಟಿವಿ ಮೂಲಕ ಸದ್ದು ಕೇಳುತ್ತಿದ್ದಾಗ ನಾನು ಮೀಟಿದ ಮೇಲೆ ಸ್ವರ ತಡವಾಗಿ ಬರುತ್ತಿತ್ತು, ಎಳೆತದ ಲೆಕ್ಕವೇ ತಪ್ಪುತ್ತಿತ್ತು. ಹೆಡ್‌ಫೋನನ್ನು ನೇರ ಕಂಪ್ಯೂಟರಿಗೇ ಸಿಕ್ಕಿಸಿದ ಮೇಲೆ ಸರಿಹೋಯಿತು. ನನ್ನ ಗಿಟಾರಿನದು ತೇಲುವ ಬ್ರಿಡ್ಜ್, ತಂತಿಗಳನ್ನು ಹಿಡಿದ ತುಂಡೇ ಸ್ಪ್ರಿಂಗ್ ಮೇಲೆ ಅಲುಗಾಡುವಂಥದ್ದು. ಒಂದು ತಂತಿ ಎಳೆದರೆ ಬ್ರಿಡ್ಜ್ ಮುಂದಕ್ಕೆ ವಾಲಿ ಉಳಿದ ಐದೂ ಶ್ರುತಿಯಿಂದ ಇಳಿಯುತ್ತವೆ. ಹಿಂಬದಿಯಲ್ಲಿ ಒಂದು ಮರದ ತುಂಡು ತುರುಕಿ ಅಲುಗಾಡದಂತೆ ಮಾಡಿದೆ.

ಎರಡು ತಿಂಗಳಾದ ಮೇಲೆ ಗರ್ವದಿಂದ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಬೆಂಡ್ ಮುಟ್ಟಬೇಕಾದ ಜಾಗ ಮುಟ್ಟುತ್ತಿತ್ತು, ಕೆಲವು ಸಲ ದಾಟಿಯೂ ಹೋಗುತ್ತಿತ್ತು, ಆದರೆ ಸಂಗೀತ ಅನ್ನಿಸುತ್ತಿರಲಿಲ್ಲ. ಯಾಕೆಂದರೆ ನಾನು ಅಂಕಕ್ಕೆ ನುಡಿಸುತ್ತಿದ್ದೆ. ಗಬಕ್ಕನೆ ಎಳಿ, ಅಂಕ ಬಂತಾ, ಬಿಡು. ಇಂಥ ಯಾವ ಆಟವಾದರೂ ಸ್ವಲ್ಪ ಸಡಿಲ ಕೊಡಲೇಬೇಕು, ಇಲ್ಲಾಂದ್ರೆ ಯಾರೂ ಆಡಲ್ಲ, ಅಲ್ವಾ? ಆ ಸಡಿಲದಲ್ಲೇ ನಾನು ಮನೆ ಕಟ್ಟಿಕೊಂಡಿದ್ದೆ. ನಿಧಾನವಾಗಿ ಏರುವುದು, ಮೇಲೆ ನಿಂತು ಅಲುಗಿಸುವುದು, ಸದ್ದಿಲ್ಲದೆ ಇಳಿಯುವುದು, ಇದ್ಯಾವುದರ ಕಡೆಗೂ ಗಮನವಿರಲಿಲ್ಲ.

ನಮ್ಮ ಅತ್ತೆ ವೀಣೆ ನುಡಿಸುತ್ತಾರೆ. ಒಂದು ಭಾನುವಾರ ಬಂದವರು ಹಿಂದೆ ನಿಂತು ನೋಡಿ, "ಆ ಸ್ವರ ಮೊದಲು ಬಾಯಲ್ಲಿ ಹಾಡಿದ್ಯೇನೋ?" ಅಂದರು. ಹಾಡಿರಲಿಲ್ಲ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿ ಎಳೆದು ಮುಂದಿನ ಸ್ವರಗಳನ್ನು ತೆಗೆಯುವುದು ದಿನನಿತ್ಯದ ಕೆಲಸ, ಗಮಕ ಬರೋದೇ ಹಾಗೆ. ಅಲ್ಲಿ ಬಾಲ ಬಾಗಿಸಿ ತೋರಿಸುವ ಪರದೆ ಇಲ್ಲ. ಎಲ್ಲಿಗೆ ಹೋಗಬೇಕು ಅನ್ನೋದು ಎಳೆಯುವ ಮುಂಚೆಯೇ ಕಿವಿಯಲ್ಲಿರಬೇಕು. ನಾನು ಮಾತ್ರ ಕಣ್ಣಿಂದ ನುಡಿಸುತ್ತಿದ್ದೆ.

ಅಲ್ಲಿಂದ ಕ್ರಮ ಬದಲಾಯಿಸಿದೆ. ಮೊದಲು ಜಿ ತಂತಿಯ 9ನೇ ಫ್ರೆಟ್ ಮೀಟಿ ಇ ಕೇಳಿಸಿಕೊಳ್ಳುವುದು, ಗುನುಗುವುದು, ಆಮೇಲೆ 7ರಿಂದ ಎಳೆದು ಅದನ್ನೇ ಹಿಡಿಯುವುದು. ನಂತರ ಯೂನಿಸನ್ ಬೆಂಡ್: ಬಿ ತಂತಿಯ 5ನೇ ಫ್ರೆಟ್ಟಲ್ಲೂ ಅದೇ ಇ ಇದೆ, ಎರಡನ್ನೂ ಒಟ್ಟಿಗೆ ಮೀಟಿ ಜಿ ತಂತಿಯನ್ನು ಎಳೆದರೆ, ಸರಿಯಾಗಿ ಸೇರುವ ತನಕ ಒಂದು ವಾವ್ ವಾವ್ ಅಲೆ ಕೇಳುತ್ತದೆ. ಹತ್ತಿರವಾದಷ್ಟೂ ಅಲೆ ನಿಧಾನ, ಸೇರಿದಾಗ ಮಾಯ. ಇದಕ್ಕಿಂತ ಖಡಕ್ ಪರೀಕ್ಷಕ ನನಗಿನ್ನೂ ಸಿಕ್ಕಿಲ್ಲ, ಕೇಬಲ್ಲೂ ಬೇಡ. ಇಷ್ಟಾದ ಮೇಲೆ ಗೇಮ್ ಹಚ್ಚುತ್ತೇನೆ. ಹಾಡಿನ ಒಂದು ಭಾಗವನ್ನೇ ಮತ್ತೆ ಮತ್ತೆ ನುಡಿಸುವ ರಿಫ್ ರಿಪೀಟರ್‌ನಲ್ಲಿ ಎರಡು ಸಾಲು ಮಾತ್ರ ಆರಿಸಿ, ವೇಗ ಇಳಿಸಿ, ಬೆಂಡ್ ಬರುವಾಗ ಕಣ್ಣು ಮುಚ್ಚುತ್ತೇನೆ. ತೆರೆದಾಗ ಒಪ್ಪಿದೆಯೋ ಇಲ್ಲವೋ ನೋಡಿದರಾಯಿತು.

ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಜಾಸ್ತಿ ಮಾಡಿದರೆ ಬೆರಳ ತುದಿ ಉರಿಯುತ್ತದೆ. ಎರಡು ಫ್ರೆಟ್‌ನಷ್ಟು ಎಳೆಯುವ ಪೂರ್ತಿ ಬೆಂಡ್ ಈಗ ಹೆಚ್ಚುಕಡಿಮೆ ನಂಬಿಕಸ್ತ. ಅರ್ಧ ಬೆಂಡ್, ಅಂದರೆ ಒಂದೇ ಫ್ರೆಟ್‌ನಷ್ಟು ಎಳೆಯೋದು, ಸುಲಭ ಅನ್ಕೊಂಡಿದ್ದೆ. ಕೈ ತಾನಾಗಿಯೇ ಮುಂದೆ ಹೋಗಿಬಿಡುತ್ತದೆ. ಅದರಲ್ಲೂ ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ, ಒಂದನೇ ಎರಡನೇ ಫ್ರೆಟ್ಟಲ್ಲಿ, ತಂತಿ ಕಲ್ಲಾಗಿರುತ್ತದೆ. ನಿನ್ನೆ ಅಲ್ಲೇ ಹಟ ಮಾಡಿ ಎಳೆಯಲು ಹೋಗಿ ಜಿ ತಂತಿ ಕಿತ್ತುಕೊಂಡು ಬಂತು. ಹೊಸ ಸೆಟ್ ತರುವ ತನಕ ಐದೇ ತಂತಿ.