ತಾಮ್ರದ ಪಾತ್ರೆ ಬಳಸುವವರಿಗೆ ಒಂದು ಸಲಹೆ

ತಾಮ್ರದ ಕೊಡ, ತಂಬಿಗೆಗಳಲ್ಲಿ ಕುಡಿಯುವ ನೀರನ್ನು ರಾತ್ರಿ ತುಂಬಿಡುವುದು ಒಳ್ಳೆಯ ರೂಢಿಯೇ. ತಾಮ್ರದ ಅಯಾನುಗಳು ನೀರಿನಲ್ಲಿರುವ ಹಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಅದೇ ಪಾತ್ರೆಯಲ್ಲಿ ನಿಂಬೆ ಪಾನಕ, ಮಜ್ಜಿಗೆ, ಸಾರು ಮುಂತಾದ ಹುಳಿ ಪದಾರ್ಥಗಳನ್ನು ದಯವಿಟ್ಟು ಇಡಬೇಡಿ, ಏಕೆಂದರೆ ಆಮ್ಲವು ಲೋಹವನ್ನು ಕರಗಿಸಿ, ವಾಂತಿ, ಹೊಟ್ಟೆನೋವು ತರುವಷ್ಟು ತಾಮ್ರವನ್ನು ಆಹಾರಕ್ಕೆ ಸೇರಿಸಬಲ್ಲದು. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಇದೇ ಗುಣ ತೊಳೆಯುವಾಗ ಉಪಯೋಗಕ್ಕೆ ಬರುತ್ತದೆ. ನೆನೆಸಿದ ಹುಣಸೆಹಣ್ಣಿಗೆ ಸ್ವಲ್ಪ ಕಲ್ಲುಪ್ಪು ಸೇರಿಸಿ ಉಜ್ಜಿದರೆ, ಹುಣಸೆಯ ಟಾರ್ಟಾರಿಕ್ ಆಮ್ಲವು ಕಪ್ಪಗಾದ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಬೆರಳಾಡಿದಲ್ಲೆಲ್ಲ ನಸುಗೆಂಪು ಲೋಹ ಹೊಳೆಯತೊಡಗುತ್ತದೆ. ಬಳಿಕ ಚೆನ್ನಾಗಿ ತೊಳೆದು ಒಣಬಟ್ಟೆಯಲ್ಲಿ ಒರೆಸಿಡಿ, ತೇವ ಉಳಿದರೆ ಅಂಚಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ.

ಅಡುಗೆಗೆ ಬಳಸುವ ತಾಮ್ರದ ಪಾತ್ರೆಯ ಒಳಮೈಗೆ ತವರದ ಕಲಾಯಿ ಇರಲೇಬೇಕು. ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ, ಅಂಥ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಟ್ಟು ಕಾಯಿಸಬಾರದು. ಒಳಗೆ ಕೆಂಪು ಕಾಣಿಸಿಕೊಂಡ ಕೂಡಲೇ ಮತ್ತೆ ಕಲಾಯಿ ಹಾಕಿಸಿ.