ಪ್ರಾರ್ಥನೆ ಬರೆದಿಟ್ಟು ಆಮೇಲೆ ಓದೋದು – ನನ್ನ ಅನುಭವ

ನನಗೆ ಪ್ರಾರ್ಥನೆ ಬರೆದಿಡೋ ಅಭ್ಯಾಸ. ಹಳೇ ಡೈರಿ, ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆ, ಎಲ್ಲಿ ಜಾಗ ಇದ್ಯೋ ಅಲ್ಲಿ. ಮೂಡಿಗೆರೆ ಕಡೆ ನಮ್ದು ಸಣ್ಣ ಕಾಫಿ ತೋಟ, ಹಾಗಾಗಿ ಮುಕ್ಕಾಲು ಪಾಲು ಮಳೆ ವಿಷ್ಯನೇ. ಡಿಸೆಂಬರಲ್ಲಿ ಕಣದ ತುಂಬಾ ಕಾಫಿ ಹರಡಿರುವಾಗ "ಕರ್ತನೇ, ಈ ಮೋಡ ಒಂದು ಆಚೆ ಹೋಗ್ಲಿ", ಮಾರ್ಚಲ್ಲಿ ಮೊಗ್ಗು ಕಾಯ್ತಿರುವಾಗ "ಕರ್ತನೇ, ಹೂಮಳೆ ಕೊಡು".

ಒಂದಿನ ಎಲ್ಲಾನೂ ಒಟ್ಟಿಗೆ ಹಾಕ್ಕೊಂಡು ಓದಿದೆ. ಏನು ಕೇಳಿದೀನಿ ಅನ್ನೋದಕ್ಕಿಂತ ಹೆಂಗೆ ಕೇಳಿದೀನಿ ಅನ್ನೋದೇ ಕಣ್ಣಿಗೆ ಹೊಡೀತು. ಮಳೆ ಬೇಕು ಅಂತ ಬರೆದು ಅದರ ಕೆಳಗೇ "ದಶಾಂಶ (ದುಡಿಮೇಲಿ ಹತ್ತರಲ್ಲೊಂದು ಪಾಲು ದೇವ್ರಿಗೆ ಕೊಡೋದು) ತಪ್ಪಿಸಿಲ್ಲ, ಆರಾಧನೆ ಬಿಟ್ಟಿಲ್ಲ" ಅಂತ ಸೇರಿಸಿದೀನಿ! ನನ್ನ ತಲೇಲಿದ್ದ ದೇವರು ಸೊಸೈಟಿ ಸೆಕ್ರೆಟರಿ ಥರ, ಕಂತು ಸರಿಯಾಗಿ ಕಟ್ಟಿದೋರಿಗೆ ಮುಂದಿನ ಸಾಲ.

ಅಲ್ಲಿಂದ ಈಚೆಗೆ ಎಡಗಡೆ ಪುಟದಲ್ಲಿ ಬೇಡಿಕೆ, ಬಲಗಡೆ ಪುಟದಲ್ಲಿ "ಇದು ಆಗ್ಲಿಲ್ಲ ಅಂದ್ರೆ ದೇವ್ರ ಬಗ್ಗೆ ನಾನು ಏನ್ ಅಂದ್ಕೋತೀನಿ" ಅಂತ ಬರೀತೀನಿ. ಎಡಗಡೆ ಸಲೀಸು. ಬಲಗಡೆಗೆ ಪೆನ್ನೇ ಓಡಲ್ಲ. ಮಗಳ ಸಂಬಂಧ ಒಂದು ಕೂಡಿ ಬಂದು ತಪ್ಪಿಹೋದಾಗ ಬರೆದಿದ್ದು ಹೀಗಿದೆ: "ದೇವ್ರಿಗೆ ನಮ್ಮನೆ ಅಂದ್ರೆ ಅಷ್ಟಕ್ಕಷ್ಟೇ."

ಬರೆದಾದ್ಮೇಲೆ ಬೈಬಲಲ್ಲಿ ಇದೇ ಥರ ಮನಸಲ್ಲೇ ಎಲ್ಲಾ ಲೆಕ್ಕ ಹಾಕ್ಕೊಂಡು ಬಂದೋರನ್ನ ಹುಡುಕಿ ಓದ್ತೀನಿ. ಎರಡನೇ ಅರಸುಗಳು 5ರಲ್ಲಿ ನಾಮಾನ ಇದಾನಲ್ಲ, ದೊಡ್ಡ ಸೇನಾಪತಿ, ಕುಷ್ಠ ವಾಸಿ ಮಾಡಿಸ್ಕೊಳ್ಳೋಕೆ ಬಂದೋನು, ಪ್ರವಾದಿ ಎಲೀಷ ಹೊರಗೆ ಬರ್ತಾನೆ, ನಿಂತು ದೇವ್ರ ಹೆಸರೆತ್ತುತಾನೆ, ಕುಷ್ಠದ ಮೇಲೆ ಕೈ ಆಡಿಸ್ತಾನೆ ಅಂತ ಪೂರ್ತಿ ಮೊದ್ಲೇ ಕಲ್ಪನೆ ಮಾಡ್ಕೊಂಡಿದ್ದ. ಎಲೀಷ ಹೊರಗೇ ಬರ್ಲಿಲ್ಲ, ಆಳು ಕಳಿಸಿ ಯೊರ್ದನ್ ಹೊಳೇಲಿ ಏಳು ಸಲ ಮುಳುಗು ಅಂದ. ನಾಮಾನನಿಗೆ ಉರಿದುಹೋಯ್ತು, ನಮ್ಮ ದಮಸ್ಕದ ಹೊಳೆಗಳು ಇದಕ್ಕಿಂತ ಚೆನ್ನಾಗಿಲ್ವಾ ಅಂತ ತಿರುಗಿ ಹೊರಟೇಬಿಟ್ಟ. ಕೊನೆಗೆ ಅವನ ಆಳುಗಳೇ ಸಮಾಧಾನ ಮಾಡಿ ಒಪ್ಪಿಸ್ಬೇಕಾಯ್ತು.

ನನ್ನನ್ನ ಜಾಸ್ತಿ ಕಾಡಿದ್ದು ಸ್ನಾನಿಕನಾದ ಯೋಹಾನ, ಯೇಸು ಬರೋ ಮುಂಚೆ ದಾರಿ ಸಿದ್ಧ ಮಾಡಿದ ಪ್ರವಾದಿ. ಲೂಕ 4ರಲ್ಲಿ ಯೇಸು ನಜರೇತಲ್ಲಿ ಯೆಶಾಯನ ಗ್ರಂಥ ಓದಿದಾಗ ಸೆರೆಯವರಿಗೆ ಬಿಡುಗಡೆ ಅನ್ನೋ ಮಾತು ಇತ್ತು. ಆಮೇಲೆ ಯೋಹಾನ ಜೈಲಿಂದ, ಬರಬೇಕಾದವನು (ದೇವ್ರು ಕಳಿಸ್ತೀನಿ ಅಂದಿದ್ದ ರಕ್ಷಕ) ನೀನೇನಾ ಅಂತ ತನ್ನ ಶಿಷ್ಯರ ಕೈಲಿ ಯೇಸುನ ಕೇಳಿಸ್ತಾನೆ. ಯೇಸು ಕೊಟ್ಟ ಉತ್ತರದಲ್ಲಿ ಕುರುಡರು, ಕುಂಟರು, ಕುಷ್ಠದವರು, ಕಿವುಡರು, ಸತ್ತವರು, ಬಡವರು ಎಲ್ಲರೂ ಇದಾರೆ. ಸೆರೆಯವರು ಮಾತ್ರ ಇಲ್ಲ! ಮತ್ತಾಯ 11 ತೆಗೆದು ನೋಡಿ. ಯೋಹಾನ ಆ ಜೈಲಲ್ಲೇ ತಲೆ ಕೊಟ್ಟ. ಹಂಗಂತ ಯೇಸು ಅವನನ್ನ ಬೈಲಿಲ್ಲ, ಜನರ ಮುಂದೆ ಹೊಗಳಿದ್ರು.

ನಮ್ಮ ಸಭೆಯ (ಚರ್ಚಿನ) ಆಂಟಿ ಒಬ್ರು ಇದನ್ನ ಕೇಳಿ, "ಅಲ್ಲ ಕಣಪ್ಪ, ಏನೂ ನಿರೀಕ್ಷೆ ಇಟ್ಕೋಬಾರ್ದು ಅಂದ್ರೆ ಪ್ರಾರ್ಥನೆ ಯಾಕೆ ಮಾಡ್ಬೇಕು?" ಅಂದ್ರು. ಕೇಳೋದನ್ನ ನಾನು ಬಿಟ್ಟಿಲ್ಲ ಆಂಟಿ, ಕುರುಡ ಬಾರ್ತಿಮಾಯನಿಗೆ ನಾನು ನಿನಗೆ ಏನು ಮಾಡ್ಬೇಕು ಅಂತ ಯೇಸುನೇ ಕೇಳಿದ್ರಲ್ಲ ಅಂದೆ. ಕೇಳಿದ್ದು ಸಿಗದಿದ್ದಾಗ ದೇವ್ರು ಎಂಥವನು ಅಂತ ಒಂದೇ ಏಟಿಗೆ ತೀರ್ಪು ಬರಿತೀನಲ್ಲ, ನನ್ನ ತಕರಾರು ಅದರ ಮೇಲೆ. ಅವರು ಪೂರ್ತಿ ಒಪ್ಪಲಿಲ್ಲ ಅನ್ಸುತ್ತೆ.

ಮಾಡಿ ನೋಡೋರಿಗೆ ಇಷ್ಟು ಹೇಳ್ತೀನಿ, ತಾರೀಕು ಹಾಕಿ, ಇಲ್ಲಾಂದ್ರೆ ಆಮೇಲೆ ಮನಸ್ಸು ಕಥೆ ಬದಲಾಯಿಸುತ್ತೆ. ಏನೂ ಬರೆಯೋಕಾಗದ ದಿನ ಬೈಬಲಿನ ಕೀರ್ತನೆ 88 ಓದಿ, ಅದು ಕತ್ತಲಲ್ಲೇ ಮುಗಿಯುತ್ತೆ, ಯಾರೂ ಅದಕ್ಕೆ ಒಳ್ಳೇ ಕೊನೆ ಅಂಟಿಸಿಲ್ಲ. ಬಲಗಡೆ ಪುಟನ ಮಾತ್ರ ಸಭೇಲಿ ಓದೋಕೆ ಹೋಗ್ಬೇಡಿ, ದೇವ್ರು ನನಗೆ ಏನು ಮಾಡಿದ ಅಂತ ಸಾಕ್ಷಿ ಹೇಳೋ ಹುರುಪಲ್ಲಿ ಸುಳ್ಳು ಸೇರ್ಕೊಂಡುಬಿಡುತ್ತೆ.